ಎರಡು ಬೈಕು, ಒಂದು ಟಗರು

ಬೆಳಗಾವಿಯ ರಾಮತೀರ್ಥ ನಗರದ ನಾಗಲಿಂಗ ಬೈಕು ಕೊಳ್ಳುವ ಮೊದಲೇ ಹೆಲ್ಮೆಟ್ ಕೊಂಡಿದ್ದ. ಹಲಸಿಯಲ್ಲಿ ಕುರಿ ಸಾಕಿಕೊಂಡಿದ್ದ ತಾಯಿಯ ಬಳಿಗೆ ಪ್ರತಿ ಭಾನುವಾರ ಹೋಗಲು ಅವನಿಗೊಂದು ಅಡ್ವೆಂಚರ್ ಬೈಕು ಬೇಕಿತ್ತು. ಮನಸ್ಸೆಲ್ಲ ಎತ್ತರದ ಕೆಂಪು ಬೈಕಿನ ಮೇಲೆ. ಹೆಂಡತಿ ತ್ರಿವೇಣಿ ಮಾತ್ರ ತಗ್ಗಿನ ಬೂದು ಬೈಕನ್ನೇ ತೋರಿಸುತ್ತಿದ್ದಳು.

"ಕೆಂಪು ಗಾಡಿ ಮ್ಯಾಲ ಕುಂತ್ರ ನಿಮ್ಮ ಕಾಲು ನೆಲಕ್ಕ ಹತ್ತೂದಿಲ್ಲ. ಏರಾಕ ಸ್ಟೂಲು ಕಟ್ಕೊಂಡ್ ಹೊಕ್ಕೀರೇನ್ರಿ?"

ಕೊನೆಗೆ ಎರಡನ್ನೂ ಬಾಡಿಗೆಗೆ ತಂದು, ಕೆಂಪನ್ನು ಅವನು, ಬೂದು ಬೈಕನ್ನು ಅವಳು ಓಡಿಸುತ್ತ ಖಾನಾಪುರ ದಾಟಿ ಹಲಸಿಗೆ ಬಂದರು.

"ಅವ್ವಾ, ಯಾವುದು ಛಲೋ ಐತಿ, ನೀನೇ ಹೇಳು."

"ನನಗೇನ್ ತಿಳೀತದೋ? ಕಾಳ್ಯಾನ್ನ ಕೇಳೂಣು," ಎಂದಳು ತಾಯಿ ಕಾಡವ್ವ.

ಕಾಳ್ಯಾ ಹಿಂಡಿನ ಹಳೆಯ ಟಗರು. ಹೊಸ ಟಗರು ಕೊಳ್ಳುವಾಗ ಕಾಡವ್ವ ಅದನ್ನು ಕಾಳ್ಯಾನ ಎದುರು ನಿಲ್ಲಿಸುತ್ತಿದ್ದಳು. ಅವನ ಒಂದು ಗುದ್ದು ತಡೆದುಕೊಂಡರೆ ಮಾತ್ರ ಹಿಂಡಿಗೆ ಪ್ರವೇಶ.

ನಾಗಲಿಂಗ ಬೇಡ ಎನ್ನುವಷ್ಟರಲ್ಲಿ ಕಾಳ್ಯಾ ಓಡಿಬಂದು ಕೆಂಪು ಬೈಕಿನ ಮುಂದಿನ ಗಾಲಿಗೆ ಗುದ್ದಿದ. ಇನ್ನೂ ಸೀಟಿನ ಮೇಲೇ ಕೂತು ತುದಿಗಾಲಲ್ಲಿ ತೂಗುತ್ತಿದ್ದ ನಾಗಲಿಂಗ ಬೈಕಿನ ಸಮೇತ ಹುಲ್ಲಿನ ಬಣವೆಗೆ ಉರುಳಿದ. ಆಮೇಲೆ ಬೂದು ಬೈಕಿನ ಸರದಿ. ತ್ರಿವೇಣಿ ಎರಡೂ ಕಾಲು ಊರಿ ಕೂತಿದ್ದಳು, ಕಾಳ್ಯಾ ಗುದ್ದಿದರೂ ಬೈಕು ಅಲುಗಲಿಲ್ಲ. ಕಾಳ್ಯಾ ತಲೆ ಕೊಡವಿ, ಗಾಲಿ ಮೂಸಿ, ಅದರ ನೆರಳಲ್ಲೇ ಮಲಗಿ ಮೆಲುಕು ಹಾಕತೊಡಗಿದ. ಕಾಡವ್ವ ಬೂದು ಬೈಕಿಗೆ ದೇವರ ಅರಿಸಿನದ ಭಂಡಾರ ಹಚ್ಚಿದಳು.

ಮರುದಿನ ಬೆಳಗಾವಿಯ ಶೋರೂಮಿನ ಹುಡುಗಿ ಕೇಳಿದಳು: "ಎರಡರಾಗ ಇದನ್ನೇ ಯಾಕ ಆರಿಸಿದ್ರಿ ಸರ್?"

ನಾಗಲಿಂಗ ತರಚಿದ ಮೊಣಕೈ ಸವರಿಕೊಂಡ.

"ಮನ್ಯಾಗಿನ ಹಿರ್ಯಾರು ಒಪ್ಪಿದ್ರರೀ."