ಮಗನಿಗೆ ನಲವತ್ತೆರಡು, ಅಪ್ಪನಿಗೆ ನಲವತ್ತು

ಆ ಭಾನುವಾರ ದೇವಾಲಯದ ಹಾಲ್‌ನಲ್ಲಿ ಎಲ್ಲರಿಗಿಂತ ಮೊದಲು ನಕ್ಕವಳು ಸುಹಾಸಿನಿಯೇ.

ಇದು ೧೯೭೯ರ ಮಾತು. ಸುಹಾಸಿನಿಗೆ ಆಗ ಮೂವತ್ತಾರು. ಬೀದರಿನ ಹುಡುಗಿ, ಮದುವೆಯಾಗಿ ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ವಾರದಲ್ಲಿ ಆರು ದಿನ ಸರಕಾರಿ ಕಾರ್ಖಾನೆಯೊಂದರ ನಕ್ಷೆ ವಿಭಾಗದಲ್ಲಿ ಕೂತು ಯಂತ್ರದ ಬಿಡಿಭಾಗಗಳ ನಕ್ಷೆಗಳನ್ನು ತೆಳು ಹಾಳೆಯ ಮೇಲೆ ಇಳಿಸುತ್ತಿದ್ದಳು. ಏಳನೆಯ ದಿನ ಕನ್ನಡ ಕ್ರೈಸ್ತ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲ್ ನಡೆಸುತ್ತಿದ್ದಳು.

ಆ ದಿನ ಮಕ್ಕಳಿಗೆ ಸತ್ಯವೇದದ, ಅಂದರೆ ಬೈಬಲ್ಲಿನ, ರಸಪ್ರಶ್ನೆ. ಪ್ರಶ್ನೆ ಬರೆದವಳೂ ಕೇಳುವವಳೂ ಸುಹಾಸಿನಿಯೇ. ಕೊನೆಯ ಪ್ರಶ್ನೆಗೆ ಬಂದಾಗ ಎರಡೂ ತಂಡಗಳು ಸಮಸಮ ಇದ್ದವು.

"ಅಹಜ್ಯ ರಾಜನಾದಾಗ ಅವನ ವಯಸ್ಸೆಷ್ಟು?"

"ಇಪ್ಪತ್ತೆರಡು!" ಎಂದಿತು ಒಂದು ತಂಡ. ಸುಹಾಸಿನಿ ಸರಿ ಎನ್ನುವಷ್ಟರಲ್ಲಿ ಎದುರು ತಂಡದ ಉಷಾ ಎದ್ದು ನಿಂತಳು. "ಇಲ್ರಿ ಟೀಚರ್, ನಲವತ್ತೆರಡು. ಇಲ್ಲಿ ನೋಡ್ರಿ."

ಒಬ್ಬರು ಅರಸುಗಳ ಪುಸ್ತಕ ತೆರೆದು ತೋರಿಸಿದರು, ಇನ್ನೊಬ್ಬರು ಪೂರ್ವಕಾಲವೃತ್ತಾಂತ. ಎರಡೂ ಕಡೆ ಅಚ್ಚಿನಲ್ಲೇ ಇತ್ತು. ಹಿರಿಯರು ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಅಷ್ಟರಲ್ಲಿ ಉಷಾ ಹಿಂದಿನ ಪುಟಕ್ಕೆ ಹೋಗಿ ಬೆರಳು ಮಡಿಚಿ ಎಣಿಸಿ, "ಟೀಚರ್, ಅವರಪ್ಪ ಸತ್ತ ಮ್ಯಾಲೇ ಇಂವ ರಾಜ ಆಗ್ಯಾನ, ಸತ್ತಾಗ ಅಪ್ಪಗ ನಲವತ್ತರಿ. ಮಗ ಅಪ್ಪಗಿಂತ ಎರಡು ವರ್ಷ ದೊಡ್ಡಾಂವ!" ಎಂದಳು.

ಸುಹಾಸಿನಿಗೆ ನಗು ತಡೆಯಲಾಗಲಿಲ್ಲ. ಹಾಲ್ ಪೂರ್ತಿ ನಕ್ಕಿತು. ಸಭೆಯ ಪಾಸ್ಟರ್ ಬಂಡೆಪ್ಪ ಅಯ್ಯನವರು ಎರಡೂ ತಂಡಕ್ಕೆ ಬಹುಮಾನ ಎಂದು ಸಾರಿಬಿಟ್ಟರು. ಸ್ಟೀಲ್ ಡಬ್ಬಿಗಳು ಒಂದೇ ತಂಡಕ್ಕಾಗುವಷ್ಟಿದ್ದವು. ಮರುದಿನ ಯಾರೋ ಬೇಗಂ ಬಜಾರಿಗೆ ಓಡಿ ಇನ್ನೊಂದು ಸೆಟ್ ತಂದರು.

ಮನೆಗೆ ಬಂದಮೇಲೆ ಸುಹಾಸಿನಿಯ ನಗು ನಿಂತಿತು. ಈ ಗ್ರಂಥದ ಒಂದೊಂದು ಅಕ್ಷರವನ್ನೂ ದೇವರೇ ಹೇಳಿ ಬರೆಸಿದ್ದಾನೆಂದು ತಾಯಿಯ ತೊಡೆಯ ಮೇಲೆ ಕೂತು ಕಲಿತವಳು ಅವಳು. ಕಾರ್ಖಾನೆಯಲ್ಲಿ ಒಂದೇ ಭಾಗದ ಎರಡು ನಕ್ಷೆಗಳಲ್ಲಿ ಅಳತೆ ಬೇರೆಬೇರೆ ಇದ್ದರೆ ಯಾರೂ ಕಬ್ಬಿಣ ಕತ್ತರಿಸುತ್ತಿರಲಿಲ್ಲ. ಕೆಂಪು ಪೆನ್ಸಿಲಿನ ಗುರುತು ಹಾಕಿ ವಾಪಸು ಕಳಿಸುತ್ತಿದ್ದರು. ಆ ಅಭ್ಯಾಸ ಅವಳ ಕೈಗೆ ಹತ್ತಿತ್ತು. ಒಂದು ನೋಟ್‌ಬುಕ್ ತೆಗೆದಳು. ಯೇಸುವಿನ ಸಾಕುತಂದೆ ಯೋಸೇಫನ ಅಪ್ಪ ಮತ್ತಾಯನ ಸುವಾರ್ತೆಯಲ್ಲಿ ಯಾಕೋಬ, ಲೂಕನದರಲ್ಲಿ ಹೇಲಿ. ಯೇಸುವನ್ನು ಹಿಡಿದುಕೊಟ್ಟ ಯೂದ ಒಂದು ಕಡೆ ನೇಣು ಹಾಕಿಕೊಂಡ, ಇನ್ನೊಂದು ಕಡೆ ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸತ್ತ. ಈಸ್ಟರ್ ಬೆಳಿಗ್ಗೆ ಯೇಸುವಿನ ಸಮಾಧಿಗೆ ಹೋದ ಹೆಂಗಸರ ಲೆಕ್ಕ ನಾಲ್ಕು ಸುವಾರ್ತೆಗಳಲ್ಲೂ ಕೂಡಿಬರಲಿಲ್ಲ. ಆರು ತಿಂಗಳಲ್ಲಿ ನಲವತ್ತೊಂದು ಪ್ರಶ್ನೆಗಳಾದವು.

ಅದನ್ನು ಹಿಡಿದುಕೊಂಡು ಅಯ್ಯನವರ ಮನೆಗೆ ಹೋದಳು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ಅವರು ಎರಡು ಪುಟ ಓದಿ, "ಒಂದು ತಿಂಗಳು ನನ್ನ ಹತ್ರ ಇರಲಿ ತಂಗಿ" ಎಂದರು.

ತಿಂಗಳಾದ ಮೇಲೆ ನೋಟ್‌ಬುಕ್ ವಾಪಸು ಬಂತು. ಹನ್ನೊಂದು ಪ್ರಶ್ನೆಗಳ ಮುಂದೆ ಉತ್ತರವಿತ್ತು: ನಕಲು ಮಾಡಿದವರ ಕೈತಪ್ಪು, ಹಳೆಯ ಲೆಕ್ಕದ ರೀತಿ, ಒಬ್ಬನಿಗೇ ಎರಡು ಹೆಸರು. ಉಳಿದ ಮೂವತ್ತರ ಮುಂದೆ ದುಂಡಗಿನ ಅಕ್ಷರದಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದರು.

"ಅಯ್ಯನವರ, ನೀವು ಗೊತ್ತಿಲ್ಲ ಅಂತ ಬರದೀರಿ ನೋಡ್ರಿ, ಅದಕ್ಕ ನಿಮ್ಮ ಮ್ಯಾಲ ನನಗ ಭರೋಸಾ ಜಾಸ್ತಿ ಆಯ್ತು. ಆದ್ರ ಗ್ರಂಥದ ಮ್ಯಾಲ ಉಳೀಲಿಲ್ಲ."

"ನನಗ ಗೊತ್ತಿಲ್ಲದ್ದು ಭಾಳ ಅದ ತಂಗಿ. ಅದರ ಜೋಡಿನೇ ನಂಬ್ಕೊಂಡು ಬಂದೀನಿ."

"ನನಗ ಆಗವಲ್ದು. ಮಕ್ಕಳ ಮುಂದ ನಿಂತು ಎಲ್ಲಾ ಖರೆ ಅಂತ ಹ್ಯಾಂಗ ಹೇಳ್ಲಿ?"

ಅಯ್ಯನವರು "ಹೇಳಬ್ಯಾಡ. ಆದ್ರ ಮನಿಗಿ ಬರೋದು ಬಿಡಬ್ಯಾಡ" ಎಂದು ಒಳಗೆ ಚಹಾ ಹೇಳಿದರು.

ಹೀಗೆ ಸಂಡೇ ಸ್ಕೂಲ್ ಬಿಟ್ಟಳು, ಕ್ರಮೇಣ ಆರಾಧನೆಗೆ ಹೋಗುವುದನ್ನೂ ಬಿಟ್ಟಳು. ಸಭೆಯ ಕೆಲವರು ಮೂಗು ಮುರಿದರು. ಗಂಡ ಕಲ್ಯಾಣಪ್ಪ ದೇವಾಲಯದ ಹಾಡಿನ ತಂಡದಲ್ಲಿ ತಬಲಾ ನುಡಿಸುವವನು. "ನೀ ಬಿಡು. ನಾ ಬಿಟ್ರ ತಾಳ ಹಿಡಿಯೋರು ಯಾರು?" ಎಂದು ನಕ್ಕು ತನ್ನ ಪಾಡಿಗೆ ಹೋಗುತ್ತಿದ್ದ.

ಅವಳಿಗಿದ್ದ ಹೆದರಿಕೆ ಒಂದೇ, ತಾಯಿಯದು. ಶಿವದೇವಿ ಬೀದರ್ ಸುತ್ತಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಯೇಸುವಿನ ಕಥೆ ಹೇಳುತ್ತ ತಿರುಗಿದವಳು. ಬಿಸಿಲಿರಲಿ, ಕೆಸರಿರಲಿ, ಸತ್ಯವೇದದ ಗಂಟನ್ನು ಕಂಕುಳಲ್ಲಿಟ್ಟು ನಡೆದವಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ಮಗಳ ಮನೆಗೆ ಬಂದಳು. ಬಂದ ಮೊದಲ ಸಂಜೆಯೇ ಹೇಳಿದಳು: "ಸುಹಾಸಿ, ಕಣ್ಣು ಕಾಣವಲ್ದು. ದಿನಾ ಒಂದು ಅಧ್ಯಾಯ ಓದಿ ಹೇಳು."

ಸುಹಾಸಿನಿ ಓದಿದಳು. ದಿನಾ ಓದಿದಳು. ಒಂಬತ್ತನೆಯ ದಿನ ಯೂದನ ಸಾವು ಬಂತು. ಪುಸ್ತಕ ಮಡಿಲಲ್ಲಿಟ್ಟು, "ಅವ್ವಾ, ನಾ ಓದ್ತೀನಿ. ಆದ್ರ ನಂಬಲ್ಲ. ವರ್ಷ ಆಯ್ತು, ನಿನಗ ಹೇಳಾಕ ಹೆದರ್ಲಾಕತ್ತಿದ್ದೆ" ಎಂದಳು. ನೋಟ್‌ಬುಕ್ ತಂದು ಒಂದೊಂದೇ ಪ್ರಶ್ನೆ ಓದಿದಳು.

ಶಿವದೇವಿ ಕಣ್ಣು ಮುಚ್ಚಿಕೊಂಡು ನಲವತ್ತೊಂದನ್ನೂ ಕೇಳಿದಳು. ಮಗ ಅಪ್ಪನಿಗಿಂತ ದೊಡ್ಡವನೆಂದಾಗ ಅವಳೂ ನಕ್ಕಳು.

"ಸುಹಾಸಿ, ನಾ ಹಳ್ಳಿಗಿ ಹೋದಾಗ ಹೆಂಗಸ್ರು ಕಳೆ ತೆಗೀತಿದ್ದ್ರು. ಅವಸರದಾಗ ಹೇಳ್ತಿದ್ದೆ. ಒಂದ ಕಥಿ ಎರಡು ಸಲ ಒಂದೇ ತರ ಹೇಳಿಲ್ಲ ನೋಡು. ಯೇಸು ಸಾವಿರ ಸಾವಿರ ಮಂದಿಗಿ ಉಣ್ಣಿಸಿದ ಐದು ರೊಟ್ಟಿ ಕೆಲವೊಮ್ಮೆ ಏಳಾಗ್ತಿದ್ವು. ಕೇಳಿದೋರ ಮನಸಿಗೆ ಸಮಾಧಾನ ಆಯ್ತೋ ಇಲ್ಲೋ, ಅಷ್ಟೇ ನೋಡ್ತಿದ್ದೆ."

"ಖರೆ ಅವ್ವಾ. ಆದ್ರ ನೀನು ಹೇಳಿದ್ದು ನಿನ್ನ ಮಾತು. ಅಕ್ಷರ ಅಕ್ಷರಾ ದೇವರ ಮಾತು ಅಂತ ನನಗ ಕಲಿಸಿದಾಕಿನೂ ನೀನೇ."

ಮುದುಕಿ ಕಣ್ಣು ತೆರೆದಳು. "ಅದೂ ಖರೆ," ಎಂದಳು. "ನಿನಗ ಹೇಳೋವಾಗ ಜರಾ ಜಾಸ್ತಿ ಹೇಳಿದ್ನೇನೋ. ಸುಳ್ಳು ಹೇಳಬಾರದು ಅಂತನೂ ನಾನೇ ಕಲಿಸೀನಿ, ಅದನ್ನ ಹಿಡಕೊಂಡಿ. ಇರಲಿ. ನನ್ನ ನಂಬಿಕಿ ನನಗಿರಲಿ, ನಿನ್ನದು ನಿನಗ. ಅಧ್ಯಾಯ ಅರ್ಧಕ್ಕ ನಿಂತದ, ಮುಗಿಸು."

ಸುಹಾಸಿನಿ ಕಣ್ಣೊರೆಸಿಕೊಂಡು ಮುಗಿಸಿದಳು. ಅವತ್ತು ಅವಳ ಎದೆಯ ಮೇಲಿಂದ ಒಂದು ಭಾರ ಇಳಿಯಿತು.

ಮುಂದೆ ಅವಳು ಎಂದೂ ಪ್ರಾರ್ಥನೆಗೆ ಮರಳಲಿಲ್ಲ. ಕ್ರಿಸ್‌ಮಸ್ಸಿಗೆ ಕರ್ಚೀಕಾಯಿ ಕರಿಯುವುದನ್ನು ನಿಲ್ಲಿಸಲೂ ಇಲ್ಲ. ಮೊದಲ ಡಬ್ಬಿ ಅಯ್ಯನವರ ಮನೆಗೇ ಹೋಗುತ್ತಿತ್ತು. ಕೋಠಿಯ ಹತ್ತಿರದ ದವಾಖಾನೆಯಲ್ಲಿ ಶಿವದೇವಿಯ ಆಪರೇಷನ್ ಚೆನ್ನಾಗಿ ಆಯಿತು. ದಪ್ಪ ಗಾಜಿನ ಕನ್ನಡಕ ಬಂತು. ಮಗಳ ಮುಖವನ್ನು ಹತ್ತಿರದಿಂದ ನೋಡಿ, "ಕೂದಲು ಬೆಳ್ಳಗಾಗ್ಯಾವಲ್ಲೇ!" ಎಂದು ಗಾಬರಿಯಾದಳು.

ಬಿಡುವಾದ ಭಾನುವಾರದ ಬೆಳಗುಗಳಲ್ಲಿ ಸುಹಾಸಿನಿ ಮೊಪೆಡ್ ಓಡಿಸಲು ಕಲಿತಿದ್ದಳು. ತಾಯಿ ಪೂರ್ತಿ ಸುಧಾರಿಸಿಕೊಂಡ ಮೇಲೆ ಒಂದು ಭಾನುವಾರ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಕೋಠಿಯ ಬಸ್ಸು ಆಟೋಗಳ ನಡುವೆ ಶಿವದೇವಿ ಮಗಳ ಹೆಗಲು ಗಟ್ಟಿಯಾಗಿ ಹಿಡಿದು, ಹೆದರಿಕೆ ಮರೆಯಲು ಜೋರಾಗಿ ಕೀರ್ತನೆ ಹಾಡಿದಳು. ಆಟೋದವರು ತಿರುಗಿ ತಿರುಗಿ ನೋಡಿದರು.

ದೇವಾಲಯದ ಗೇಟಿನಲ್ಲಿ ಇಳಿದು ಶಿವದೇವಿ ಸೆರಗು ಸರಿಮಾಡಿಕೊಂಡಳು. "ಒಳಗ ಬಾ ಅನ್ನಲ್ಲ," ಎಂದಳು. "ಸುಲ್ತಾನ್ ಬಜಾರಿಗೆ ಹೋಗಿ ನನಗೊಂದು ಕುಬಸದ ಬಟ್ಟಿ ತಗೊಂಡು ಬಾ. ಹಸರು ಬಣ್ಣದ್ದು. ಈಗ ನನಗ ಬಣ್ಣ ಕಾಣಸ್ತದ, ಮೋಸ ಮಾಡಬ್ಯಾಡ."

ಸುಹಾಸಿನಿ ನಗುತ್ತ ಗಾಡಿ ತಿರುಗಿಸಿದಳು.