ಬೈಗುಳದಿಂದ ಶುರುವಾದ ಮಾತು

ಸೊರಬದ ತವರಿನಿಂದ ಶಿಕಾರಿಪುರಕ್ಕೆ ಬೈಕಿನಲ್ಲಿ ಬರುತ್ತಿದ್ದೆವು. ಏನೋ ಹೇಳುತ್ತಿದ್ದ ಇವರು ಅರ್ಧಕ್ಕೇ ನಿಲ್ಲಿಸಿದರು. ಬೈಕು ಎಡಕ್ಕೆ ವಾಲಿತು. "ರೀ! ರೀ!" ಎಂದೆ. ಗದ್ದೆಯ ಬದುವಿಗೆ ತಾಗಿ ಬಿದ್ದೆವು. ನನಗೆ ತರಚಿದ ಗಾಯವಷ್ಟೇ. ಇವರ ಬಾಯಿ ಸೊಟ್ಟಗಾಗಿತ್ತು.

ಎದುರಿಗೆ ಲಾರಿ ಬಂದಿದ್ದರೆ?

ಕಣ್ಣು ಮುಚ್ಚಿದರೆ ಈಗಲೂ ಅದೇ ಬದು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಸ್ಟ್ರೋಕ್ ಎಂದರು. ಜೀವ ಉಳಿಯಿತು, ಮಾತು ಎಷ್ಟು ಮರಳುತ್ತದೋ ಹೇಳೋಕಾಗಲ್ಲ ಎಂದರು.

ಮನೆಗೆ ಬಂದ ಮೇಲೆ ಇವರ ಬಾಯಿಂದ ನನ್ನ ಹೆಸರೂ ಹೊರಡಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿಸಲು ಹೋದಾಗ ನನ್ನ ಕೈ ತಳ್ಳಿ, ಸ್ಪಷ್ಟವಾಗಿ ಅಂದರು:

"ಹಾಳಾಗಿ ಹೋಗು!"

ಮದುವೆಯಾದಾಗಿನಿಂದ ಹಾಗೆ ಅಂದವರಲ್ಲ. ಅಡುಗೆಮನೆಯಲ್ಲಿ ಅಳುತ್ತ ನಿಂತೆ. ಮೈದುನ ಓಡಿಬಂದ.

"ಅತ್ತಿಗೆ, ಅಣ್ಣಗ ಮಾತು ಬಂತಲ್ರೀ! ಪೇಡೆ ಹಂಚೋದು ಬಿಟ್ಟು ಅಳ್ತೀರಲ್ಲ!"

"ನಿಂಗೆ ಬೈದಿದ್ರೆ ಗೊತ್ತಾಗ್ತಿತ್ತು ಮಾರಾಯ."

"ನನಗ ದಿನಾ ಬೈತಿದ್ದ. ಅದಿಲ್ದ ಮನಿ ಬಿಕೋ ಅಂತಿತ್ತು."

ಬೈಗುಳದಂಥ, ಭಾವ ತುಂಬಿದ ಮಾತು ಮೊದಲು ಹೊರಬರುವುದುಂಟು ಎಂದು ಸ್ಪೀಚ್ ಥೆರಪಿಸ್ಟ್ ಸಮಾಧಾನ ಹೇಳಿದರು.

"ಹೆಂಗಸರಿಗೇ ಮಾತು ಜಾಸ್ತಿ ಚುಚ್ಚುತ್ತಾ ಮೇಡಂ?"

"ವ್ಯತ್ಯಾಸ ಇದೆ ಅನ್ನೋರಿದ್ದಾರೆ. ಆದ್ರೆ ಒಬ್ಬೊಬ್ಬರದು ಒಂದೊಂದು ಥರ. ನಿಮ್ಮ ಮೈದುನನ್ನೇ ಕೇಳಿ."

ಕೇಳಿದೆ. ಅವನ ನಗು ನಿಂತಿತು.

"ಡಾಕ್ಟ್ರು 'ಹೇಳೋಕಾಗಲ್ಲ' ಅಂದ್ರಲ್ರೀ, ಅದೊಂದು ಮಾತು ಕಿವ್ಯಾಗ ಕುಂತೈತಿ. ಹೊಲದಾಗೂ ಬಿಡವಲ್ದು."

ನನ್ನ ಕಣ್ಣೀರು ಎಲ್ಲರಿಗೂ ಕಂಡಿತ್ತು; ಅವನು ತಮಾಷೆ ಮಾಡುತ್ತಲೇ ಅಷ್ಟು ದಿನ ಆ ಮಾತನ್ನು ಒಬ್ಬನೇ ಹೊತ್ತು ತಿರುಗುತ್ತಿದ್ದನೆಂದು ನನಗೆ ಹೊಳೆದಿರಲೇ ಇಲ್ಲ.

ಆಮೇಲೆ ಮಾತು ಹೊರಡಲೆಂದು ಇವರನ್ನು ಕೆಣಕುವುದೇ ನಮ್ಮಿಬ್ಬರ ಕೆಲಸವಾಯಿತು. ಥೆರಪಿಸ್ಟ್ ಒಪ್ಪಿದ್ದರು. "ಅಣ್ಣ, ಅಂಜನಾಪುರ ಡ್ಯಾಮಿನ ನೀರು ಬಿಟ್ರು. ನಮ್ಮ ಪಾಳಿ ಬಾಜೂ ಹೊಲದವ ಹೊಡ್ಕಂಡ" ಎಂದು ಮೈದುನ ಸುಳ್ಳು ಹೇಳಿದ. "ಕಳ್ಳ!" ಎಂದರು ಇವರು. ಮಾರನೆಯ ದಿನ, "ಕಳ್ಳ... ನೀರು." ಮೂವರೂ ನಕ್ಕೆವು.

ಮೊನ್ನೆ ಮೈದುನನ ಜೊತೆ ಫಾಲೋಅಪ್‌ಗೆ ಹೋಗಿದ್ದೆವು. ಹೊಸ ಸ್ಕ್ಯಾನಿನ ರಿಪೋರ್ಟ್ ಹಿಡಿದು ಹೊರಗೆ ಕೂತಿದ್ದಾಗ ಅದರ ಕವರನ್ನು ಮತ್ತೆ ಮತ್ತೆ ತೆಗೆದು ಮುಚ್ಚುತ್ತಿದ್ದೆ. ಇವರು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು. ಯಾರೂ ಕೆಣಕಿರಲಿಲ್ಲ.

"ಹೆದರ... ಬ್ಯಾಡ."

ಒಳಗೆ ಡಾಕ್ಟರು ಬಹಳ ಹೊತ್ತು ವಿವರಿಸಿದರು. ನಾನು ತಲೆಯಾಡಿಸಿದೆ; ಕಿವಿಯಲ್ಲಿ ಕೂತಿದ್ದು ಇವರ 'ಹೆದರ... ಬ್ಯಾಡ' ಒಂದೇ. ಅವರು ಏನು ಹೇಳಿದರೆಂದು ಹೊರಗೆ ಬಂದ ಮೇಲೆ ಮೈದುನನಿಂದಲೇ ತಿಳಿದುಕೊಂಡೆ. ನಿಧಾನವಂತೆ. ಪೂರ್ತಿ ಮೊದಲಿನಂತೆ ಆಗದಿದ್ದರೂ, ಇನ್ನೂ ಮಾತು ಬರುತ್ತದಂತೆ.