ಗ್ರಾವಲ್ ತೆಗೆದ ಹೊಲ

ಸಮೇತನಹಳ್ಳಿ ಕಡೆಯ ನಮ್ಮ ದಿಣ್ಣೆ ಹೊಲವನ್ನು ರಸ್ತೆಗೆ ಹಾಕುವ ಗ್ರಾವಲ್ ಮಣ್ಣು ತೆಗೆಯಲು ಕೊಟ್ಟವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ಆಗ ನಾನು ಹೊಸಕೋಟೆಯ ಕಚೇರಿಯೊಂದರಲ್ಲಿ ಗುಮಾಸ್ತ. ಹೊಲದ ಕಡೆ ಹೋಗುತ್ತಿದ್ದುದೇ ಅಪರೂಪ. ರಸ್ತೆ ಕೆಲಸದ ಕಂಟ್ರಾಕ್ಟರು ಬಂದು, "ದಿಣ್ಣೆ ಕೆತ್ತಿ ಮಟ್ಟ ಮಾಡ್ಕೊಡ್ತೀವಿ ಸಾರ್, ಉಳೋಕೂ ಸಲೀಸಾಯ್ತದೆ" ಎಂದ. ಹೆಂಡತಿ ಬೇಡವೆಂದಳು. ನಾನು ಕೇಳಲಿಲ್ಲ.

ಅವರು ದಿಣ್ಣೆಗೆ ನಿಲ್ಲಿಸಲಿಲ್ಲ. ಮಾಲು ಚೆನ್ನಾಗಿದೆ ಎಂದು ಎರಡಾಳು ಆಳದವರೆಗೂ ಇಳಿದರು. ರಾಗಿ ಬೆಳೆಯುತ್ತಿದ್ದ ಮೇಲ್ಮಣ್ಣನ್ನೂ ಬೇರೆ ತೆಗೆದಿಡದೆ ಟಿಪ್ಪರಿಗೆ ತುಂಬಿದರು. ಕೊನೆಗೆ ಉಳಿದದ್ದು ಗೋಡೆಯಂತೆ ನಿಂತ ದಂಡೆಗಳು, ತಳದಲ್ಲಿ ಏನೂ ಬೆಳೆಯದ ಬಿಳಿ ಸುದ್ದೆ ಮಣ್ಣು. ಕಂಟ್ರಾಕ್ಟರು ಮತ್ತೆ ಫೋನ್ ಎತ್ತಲಿಲ್ಲ.

ಪಕ್ಕದ ಜಮೀನು ಒಬ್ಬ ಹೆಂಗಸಿನದು. ನಂಟಿಲ್ಲದಿದ್ದರೂ ಚಿಕ್ಕಂದಿನಿಂದ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳು ಸಾಕಿ ಸಂಸಾರ ನಡೆಸಿದವರು. ಟಿಪ್ಪರುಗಳು ಓಡಾಡಿದ ತಿಂಗಳುಗಳಲ್ಲಿ ಅವರ ಸೊಪ್ಪಿನ ಮೇಲೆಲ್ಲ ಕೆಂಪು ಧೂಳು ಕೂತು, ಅದನ್ನು ತಿಂದು ಒಂದು ಬೆಳೆ ಹುಳು ಪೂರ್ತಿ ಸತ್ತುಹೋಯಿತು. ಮುಂದಿನ ಮುಂಗಾರಿಗೆ ಅವರ ಬದುವೇ ಕುಸಿದು ನಮ್ಮ ಗುಂಡಿಗೆ ಬಿತ್ತು. ಸುದ್ದಿ ತಿಳಿದೂ ನಾನು ಹೋಗಲಿಲ್ಲ. ಹೋಗಿ ಏನು ಹೇಳುವುದೆಂದು ಗೊತ್ತಾಗಲಿಲ್ಲ. ಬಸ್ ನಿಲ್ದಾಣದಲ್ಲಿ ಅವರು ಕಂಡರೆ ಯಾವುದಾದರೂ ಅಂಗಡಿಯೊಳಗೆ ಹೋಗಿ ನಿಲ್ಲುತ್ತಿದ್ದೆ. ಹಾಗೇ ಆರು ವರ್ಷ ಕಳೆಯಿತು.

ನಿವೃತ್ತನಾದ ವರ್ಷ ಗುಂಡಿ ಮುಚ್ಚಿಸಲು ಹೊರಟೆ. ಬೆಂಗಳೂರಿನಲ್ಲಿ ಹಳೇ ಕಟ್ಟಡ ಒಡೆಯುವವನೊಬ್ಬ ಬಿಟ್ಟಿಯಾಗಿ ತುಂಬಿಕೊಡುತ್ತೇನೆಂದ. ಒಪ್ಪಿಕೊಂಡೆ. ಮೊದಲ ದಿನ ಮೂರು ಲೋಡು ಸುರಿದು ಹೋದರು. ಮಾರನೇ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅತ್ತೆ ಬಂಡಿದಾರಿಯ ನಡುವೆ ಕೂತಿದ್ದರು. ಎದುರಿಗೆ ಟಿಪ್ಪರು ನಿಂತಿತ್ತು. ಡ್ರೈವರು ಕೆಳಗಿಳಿದು ಬೀಡಿ ಸೇದುತ್ತಿದ್ದ.

"ಏಳಿ ಅತ್ತೆ, ಗುಂಡಿ ಮುಚ್ಚಿಸ್ತಾ ಇದೀನಿ. ಒಳ್ಳೇದೇ ಅಲ್ವಾ?" ಎಂದೆ. ಆರು ವರ್ಷದ ಮೇಲೆ ಅವರೊಡನೆ ಆಡಿದ ಮೊದಲ ಮಾತು ಅದು.

"ಏನ್ ಹಾಕಿ ಮುಚ್ಚಿಸ್ತಿದೀಯ, ನೋಡಿದೀಯೇನಪ್ಪಾ?" ಎಂದರು. "ಬಾ, ನೋಡು."

ನಾನು ನೋಡಿರಲಿಲ್ಲ. ಅವರ ಹಿಂದೆ ಗುಂಡಿಗೆ ಇಳಿದೆ. ಒಡೆದ ಕಕ್ಕಸು ಬೇಸಿನ್ನು, ವೈರು, ಗಾಜು, ಶೀಟಿನ ಚೂರು, ಬಣ್ಣದ ಡಬ್ಬಗಳು. ಅತ್ತೆ ಒಂದು ಡಬ್ಬ ಎತ್ತಿ ಬೋರಲು ಹಾಕಿದರು. ಹಸಿರು ನೀರು ಸುರಿಯಿತು.

"ಇದು ಇಂಗಿ ನನ್ನ ಬೋರಿಗೆ ಬರ್ತದೆ. ಗುಂಡಿ ತುಂಬ್ತದೆ, ಸರಿ. ಅದರ ಮ್ಯಾಲೆ ಏನ್ ಬೆಳೀತೀಯ?"

ಟಿಪ್ಪರನ್ನು ವಾಪಸು ಕಳಿಸಿದೆ. ಆಮೇಲೆ ಆ ಕಸದ ನಡುವೆಯೇ ನಿಂತು, ಅವರ ಹುಳುವಿನ ಬೆಳೆಗೆ, ಬದುವಿಗೆ, ಎಲ್ಲದಕ್ಕೂ ತಪ್ಪಾಯಿತು ಎಂದೆ.

ಅತ್ತೆ ಕೈಯಲ್ಲಿದ್ದ ಡಬ್ಬವನ್ನು ಕೆಳಗಿಟ್ಟರು. "ಹುಳ ಸತ್ತಿದ್ದು ತಡ್ಕೊಂಡೆ ಕಣಪ್ಪ. ಬದ ಬಿದ್ದಾಗ ನೀನು ಬರ್ತೀಯ ಅಂತ ಎರಡು ದಿನ ಕಾದೆ. ಬರ್ಲಿಲ್ಲ. ಅದೇ ನೋವಾಗಿದ್ದು" ಎಂದರು.

ಸುರಿದದ್ದನ್ನೆಲ್ಲ ಆರಿಸಿ ತೆಗೆಯಲು ನನಗೂ ಹೆಂಡತಿಗೂ ಇಬ್ಬರು ಆಳುಗಳಿಗೂ ಒಂಬತ್ತು ದಿನ ಹಿಡಿಯಿತು. ಟ್ರಾಕ್ಟರಿಗೆ ತುಂಬಿ ಕಟ್ಟಡ ಒಡೆಯುವವನ ಜಾಗಕ್ಕೇ ವಾಪಸು ಹಾಕಿಸಿದೆವು. ಗುಂಡಿ ತುಂಬುವ ಯೋಚನೆಯನ್ನು, ಅತ್ತೆ ಹೇಳಿದಂತೆ, ಅಲ್ಲಿಗೇ ಬಿಟ್ಟೆವು. ಜೆಸಿಬಿ ತರಿಸಿ ದಂಡೆಗಳನ್ನು ಇಳಿಜಾರಾಗಿ ಕಡಿಸಿ, ಹೊಲವನ್ನು ಮೂರು ಮೆಟ್ಟಿಲು ಮಾಡಿದೆವು. ಅತ್ತೆಯ ಬದುವಿಗೆ ಕಲ್ಲು ಕಟ್ಟಿಸಿದೆ. ಆ ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆಯುತ್ತಿದ್ದರು. ಆ ಕಪ್ಪು ಗೋಡು ಮಣ್ಣನ್ನು ಹೊಡೆಸಿ ಮೆಟ್ಟಿಲುಗಳ ಮೇಲೆ ಹರಡಿದೆವು.

ನಾನು ಆತುರಪಟ್ಟು ಅದೇ ವರ್ಷ ರಾಗಿ ಚೆಲ್ಲಿದೆ. ಮಳೆ ನೀರು ಇಂಗದೆ ನಿಂತು ಪೈರೆಲ್ಲ ಹಳದಿಯಾಗಿ ಕೊಳೆಯಿತು. ಇನ್ನು ಇದು ಆಗದ ಕೆಲಸ ಎಂದು ನಾನೂ ಹೆಂಡತಿಯೂ ಬದುವಿನ ಮೇಲೆ ಕೂತಿದ್ದಾಗ ಅತ್ತೆ ಬಂದರು.

"ಈಗ್ಲೇ ಕೇಳಿದ್ರೆ ಎಲ್ಲಿಂದ ಕೊಡ್ತದೆ? ಮೊದ್ಲು ಹುರುಳಿ ಹಾಕು. ಹೂ ಬಿಟ್ಟಾಗ ಉತ್ತು ಮುಚ್ಬಿಡು."

"ಕಾಳು ಬೇಡ್ವಾ?" ಎಂದಳು ಹೆಂಡತಿ.

"ಬೇಡ. ನೆಲ ತಿನ್ಲಿ."

ಹೂ ತುಂಬಿ ನಿಂತ ಹುರುಳಿಯನ್ನು ಟ್ರಾಕ್ಟರು ಮಣ್ಣಿಗೆ ಮಗುಚುವಾಗ ಹೆಂಡತಿ ಮುಖ ತಿರುಗಿಸಿಕೊಂಡು ನಿಂತಿದ್ದಳು. ಎರಡು ವರ್ಷ ಹಾಗೇ ಮಾಡಿದೆವು. ಜೊತೆಗೆ ಹೊಂಗೆ ಸೊಪ್ಪು, ಕೊಟ್ಟಿಗೆ ಗೊಬ್ಬರ. ಪ್ರತಿ ಸಲ ಗೂಡು ಬಿಡಿಸಿದ ಮೇಲೆ ಹುಳುವಿನ ಹಿಕ್ಕೆಯನ್ನು ಅತ್ತೆ ಕುಕ್ಕೆಯಲ್ಲಿ ಹೊತ್ತು ತಂದು ನಮ್ಮ ಹೊಲಕ್ಕೆ ಸುರಿಯುತ್ತಿದ್ದರು. ಬೇಡವೆಂದರೂ ಕೇಳಲಿಲ್ಲ. ಎರಡನೇ ವರ್ಷದ ಕೊನೆಗೆ, ಗುದ್ದಲಿ ಹಾಕಿದಲ್ಲಿ ಎರೆಹುಳು ಕಂಡಿತು. ಹೆಂಡತಿ ಅದನ್ನು ಅಂಗೈ ಮೇಲಿಟ್ಟುಕೊಂಡು ಅತ್ತೆಗೆ ತೋರಿಸಲು ಓಡಿದಳು.

ಮೂರನೇ ವರ್ಷ ರಾಗಿ ಬಂತು. ಮೇಲಿನೆರಡು ಮೆಟ್ಟಿಲಲ್ಲಿ ಮಾತ್ರ. ಅದೂ ಒಂದು ಕಡೆ ಸೊಂಟದೆತ್ತರ, ಇನ್ನೊಂದು ಕಡೆ ಮೊಣಕಾಲಿಗೆ. ತಳದ ಮೆಟ್ಟಿಲಲ್ಲಿ ಈಗಲೂ ನೀರು ನಿಲ್ಲುತ್ತದೆ. ಅಲ್ಲಿ ಸೀಮೆಹುಲ್ಲು ನೆಟ್ಟಿದ್ದೇವೆ, ಎರಡೂ ಮನೆಯ ಹಸುಗಳಿಗೆ ಆಗುತ್ತದೆ. ಒಕ್ಕಣೆಯಾದ ದಿನ ಮೊದಲ ಮೊರದ ರಾಗಿಯನ್ನು ಅತ್ತೆಯ ಮನೆಗೆ ಕೊಂಡುಹೋದೆ. ಅವರು ಹಿಡಿ ತುಂಬ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಕಾಳು ಇನ್ನೂ ಸಣ್ಣ ಅದೆ" ಎಂದರು. "ಒಳಗ್ ಬಾ, ಊಟ ಮಾಡ್ಕೊಂಡು ಹೋಗು."